25 ಮೀಟರ್ ಸುತ್ತು: ತಾರಸಿಯಲ್ಲಿ ಓಡಿದ ದೂರವನ್ನು ಅಳೆದ ಬಗೆ

ತಾರಸಿಯಲ್ಲಿ ಓಡುವವರು ಮೊದಲು ಎಡವುವುದೇ ಗೋಡೆಯಿಂದ ಗೋಡೆಗೆ ಅಳೆಯುವುದರಲ್ಲಿ. 12 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗದ ಸುತ್ತಳತೆ 34 ಮೀಟರ್. ಹಾಗಾಗಿ 30 ಸುತ್ತು ಓಡಿ ಒಂದು ಕಿಲೋಮೀಟರ್ ದಾಟಿತೆಂದು ಬರೆದಿಡುತ್ತಾರೆ. ಗೋಡೆಗೆ ಭುಜ ಉಜ್ಜಿಕೊಂಡು ಯಾರೂ ಓಡುವುದಿಲ್ಲ, ಮೂಲೆಯಲ್ಲಿ ಕವಾಯತಿನಂತೆ ಲಂಬವಾಗಿ ತಿರುಗುವುದೂ ಇಲ್ಲ. ಇದೇ ಅಳತೆಯ ಜಾಗದಲ್ಲಿ ನಾನು ಓಡುವ ದಾರಿ ಸುತ್ತಿಗೆ 25 ಮೀಟರ್. ಅಂದರೆ 30 ಸುತ್ತಿಗೆ ಬರೀ 750 ಮೀಟರ್.

ಜಿಪಿಎಸ್ ವಾಚನ್ನು ಇಲ್ಲಿ ನಂಬುವ ಹಾಗಿಲ್ಲ. ಬಯಲಿನಲ್ಲೇ ಕೆಲವು ಮೀಟರ್ ಆಚೀಚೆ ತೋರಿಸುವ ಸಾಧನಕ್ಕೆ 4 ಮೀಟರ್ ಅಗಲದ ಸುತ್ತು ಎಲ್ಲಿ ಕಾಣಬೇಕು? ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಬಿಂದು ಗುರುತಿಸಿ ಅವನ್ನು ನೇರ ಗೆರೆಯಿಂದ ಜೋಡಿಸುತ್ತದೆ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ 2.78 ಮೀಟರ್ ಓಡುತ್ತೇವೆ. 2 ಮೀಟರ್ ತ್ರಿಜ್ಯದ ತಿರುವಿನಲ್ಲಿ ಅಷ್ಟು ಬಾಗಿದ ದಾರಿಯ ನೇರ ಅಂತರ 2.56 ಮೀಟರ್ ಮಾತ್ರ. ಬಿಂದುಗಳು ಕರಾರುವಾಕ್ಕಾಗಿ ಬಿದ್ದರೂ ತಿರುವಿನಲ್ಲಿ 8 ಶೇಕಡಾ ನಷ್ಟ.

ನನ್ನ ಕ್ರಮ ಬೇರೆ. ಇರುವ ಜಾಗವನ್ನು ಅಳೆಯುವ ಬದಲು ಬೇಕಾದ ಉದ್ದದ ಗೆರೆಯನ್ನೇ ನೆಲದ ಮೇಲೆ ಎಳೆಯುವುದು. 25 ಮೀಟರ್ ಆರಿಸಿಕೊಂಡರೆ 40 ಸುತ್ತಿಗೆ ಸರಿಯಾಗಿ ಒಂದು ಕಿಲೋಮೀಟರ್, ಓಡುವಾಗ ಗುಣಾಕಾರದ ಗೋಜಿಲ್ಲ. ಆಕಾರ ಎರಡು ನೇರ ಗೆರೆ, ಎರಡು ತುದಿಗೂ ಒಂದೊಂದು ಅರ್ಧವೃತ್ತ. ತ್ರಿಜ್ಯ 2 ಮೀಟರ್ ಇಟ್ಟರೆ ಎರಡು ಅರ್ಧವೃತ್ತ ಸೇರಿ 12.566 ಮೀಟರ್; ಉಳಿದದ್ದನ್ನು ಎರಡು ಪಾಲು ಮಾಡಿದರೆ ಒಂದೊಂದು ನೇರ ಗೆರೆ 6.217 ಮೀಟರ್. ಅಗಲದಲ್ಲಿ ಎರಡೂ ಕಡೆ ಅರ್ಧ ಮೀಟರ್, ಉದ್ದದಲ್ಲಿ ಸುಮಾರು 90 ಸೆಂಟಿಮೀಟರ್ ಜಾಗ ಉಳಿಯುತ್ತದೆ.

ಬೇಕಾದದ್ದು ಉಕ್ಕಿನ ಟೇಪು, ಸೀಮೆಸುಣ್ಣ, ಒಂದು ತುದಿಯಲ್ಲಿ ಮೊಳೆ ಹಾಕಿದ ಎರಡು ಮೀಟರಿಗಿಂತ ತುಸು ಉದ್ದದ ಮರದ ಪಟ್ಟಿ. ಮೊದಲು 6.217 x 4 ಮೀಟರಿನ ಆಯತ ಗುರುತಿಸಿ. ಎರಡೂ ಕರ್ಣ 7.39 ಮೀಟರ್ ಬಂದರೆ ಮೂಲೆಗಳು ಸರಿಯಾಗಿವೆ. ಒಂದು ಹೆಚ್ಚು ಒಂದು ಕಡಿಮೆ ಬಂದರೆ ಆಯತ ಓರೆಯಾಗಿದೆ. ಆಮೇಲೆ 4 ಮೀಟರಿನ ಬದಿಯ ನಡುಬಿಂದುವಿನಲ್ಲಿ ಮೊಳೆಯೂರಿ, ಪಟ್ಟಿಯಲ್ಲಿ ಮೊಳೆಯಿಂದ ಸರಿಯಾಗಿ 2 ಮೀಟರಿನಲ್ಲಿ ಸೀಮೆಸುಣ್ಣ ಹಿಡಿದು ತಿರುಗಿಸಿ. ಪಟ್ಟಿಯ ಬದಲು ದಾರ ಬೇಡ. ಎಳೆದಾಗ ದಾರ ಹಿಗ್ಗುತ್ತದೆ, ತ್ರಿಜ್ಯದಲ್ಲಿ 1 ಸೆಂಟಿಮೀಟರ್ ಹೆಚ್ಚಾದರೆ ಸುತ್ತಿಗೆ 6.3 ಸೆಂಟಿಮೀಟರ್, ಕಿಲೋಮೀಟರಿಗೆ ಎರಡೂವರೆ ಮೀಟರ್ ಹೆಚ್ಚುತ್ತದೆ. ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲುಗಾಡುವುದು ಅದನ್ನು ಮಾಡಿರುವ ರೀತಿಯೇ. ನೆಲದ ಮೇಲೆ ಅಳೆಯುವಾಗ 10 ಸೆಂಟಿಮೀಟರಿನ ಗುರುತಿನಿಂದ ಶುರುಮಾಡಿ, ಬಂದ ಅಳತೆಯಲ್ಲಿ 10 ಕಳೆಯುವುದು ಒಳ್ಳೆಯದು. (ಕಳೆಯಲು ಮರೆತರೆ ಇಡೀ ಕೆಲಸ ಹಾಳು, ಹಾಗಾಗಿ ಟೇಪಿನ ಮೇಲೇ ಬರೆದಿಡಿ.) ಕೊನೆಗೆ, ಬಗ್ಗಿಸಿದರೆ ಹಾಗೇ ನಿಲ್ಲುವ ಕರೆಂಟಿನ ತಂತಿಯೊಂದನ್ನು ಒಂದು ಅರ್ಧವೃತ್ತದ ಮೇಲೆ ಕೂರಿಸಿ, ನೆಟ್ಟಗೆ ಮಾಡಿ ಅಳೆಯಿರಿ. 6.28 ಮೀಟರ್ ಬರಬೇಕು.

ಇಷ್ಟಾದ ಮೇಲೂ ಗೆರೆಯ ಉದ್ದ ಬೇರೆ, ಓಡಿದ ದೂರ ಬೇರೆ. ಗೆರೆಯಿಂದ ಒಂದೇ ಸಮನಾಗಿ ಇಷ್ಟು ದೂರ ಹೊರಗೆ ಓಡಿದರೆ ಪ್ರತಿ ಸುತ್ತಿಗೆ ಆ ದೂರದ 2 ಪೈ ಪಟ್ಟು, ಅಂದರೆ 6.28 ಪಟ್ಟು ಹೆಚ್ಚಾಗುತ್ತದೆ. ಸುತ್ತು ದೊಡ್ಡದೋ ಚಿಕ್ಕದೋ ಎಂಬುದು ಇದಕ್ಕೆ ಲೆಕ್ಕಕ್ಕಿಲ್ಲ. 30 ಸೆಂಟಿಮೀಟರ್ ಹೊರಗಾದರೆ 1.88 ಮೀಟರ್: 400 ಮೀಟರಿನ ಟ್ರ್ಯಾಕಿನಲ್ಲಿ ಅದು ಅರ್ಧ ಶೇಕಡಾಕ್ಕೂ ಕಡಿಮೆ, 25 ಮೀಟರಿನಲ್ಲಿ 7.5 ಶೇಕಡಾ. ಕ್ರೀಡಾಂಗಣದ ಟ್ರ್ಯಾಕಿನಲ್ಲೂ ಇದನ್ನು ಬಿಟ್ಟಿಲ್ಲ. ಒಳ ಅಂಚಿನ ತ್ರಿಜ್ಯ 36.5 ಮೀಟರ್ ಇದ್ದರೂ ಮೊದಲ ಲೇನನ್ನು ಅಂಚಿನಿಂದ 30 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ. 84.39 ಮೀಟರಿನ ಎರಡು ನೇರ ಭಾಗಕ್ಕೆ 36.8 ತ್ರಿಜ್ಯದ ವೃತ್ತ ಸೇರಿಸಿ ನೋಡಿ, ಸರಿಯಾಗಿ 400 ಬರುತ್ತದೆ.

ಆದ್ದರಿಂದ ಮೂಲೆಗೊಂದು ಇಟ್ಟಿಗೆ ಇಟ್ಟು ಅದರ ಸುತ್ತ ಓಡುವುದಕ್ಕಿಂತ ಗೆರೆಯ ಮೇಲೇ ಓಡುವುದು ಮೇಲು. ನಾನು ಪರೀಕ್ಷಿಸುವುದು ಹೀಗೆ: ಶೂ ತಳವನ್ನು ಒದ್ದೆ ಮಾಡಿಕೊಂಡು ಎಂದಿನ ವೇಗದಲ್ಲಿ ಒಂದೆರಡು ಸುತ್ತು ಓಡಿ, ಎಡ ಬಲ ಹೆಜ್ಜೆಗಳ ನಡುವಿನ ದಾರಿ ಗೆರೆಯಿಂದ ಎಷ್ಟು ಆಚೆ ಇದೆಯೆಂದು ತಿರುವಿನಲ್ಲಿ ಹತ್ತು ಕಡೆ ಅಳೆದು ಸರಾಸರಿ ತೆಗೆಯುವುದು. ನನ್ನದು 12 ಸೆಂಟಿಮೀಟರ್ ಹೊರಗೆ ಬಂತು. ಸುತ್ತಿಗೆ 75 ಸೆಂಟಿಮೀಟರ್, 40 ಸುತ್ತಿಗೆ 30 ಮೀಟರ್. ಗೆರೆಯನ್ನು ಅಳಿಸಿ ಬರೆಯುವ ಬದಲು ಸುತ್ತನ್ನು 25.75 ಎಂದು ಹಿಡಿದೆ. ವೇಗ ಹೆಚ್ಚಿಸಿದಾಗ ಇನ್ನೂ ಹೊರಗೆ ಹೋಗುತ್ತೇವೆ, ಹಾಗಾಗಿ ಬೇರೆ ವೇಗಕ್ಕೆ ಬೇರೆ ಅಳತೆ. ತ್ರಿಜ್ಯವನ್ನು 2 ಮೀಟರಿಗಿಂತ ಕಡಿಮೆ ಮಾಡದಿರುವುದೂ ಇದಕ್ಕೇ: ಗಂಟೆಗೆ 10 ಕಿಲೋಮೀಟರಿನಲ್ಲಿ 2 ಮೀಟರ್ ತಿರುವಿಗೆ ಮೈ ಸುಮಾರು 21 ಡಿಗ್ರಿ ವಾಲಬೇಕು, 1 ಮೀಟರಿಗೆ 38 ಡಿಗ್ರಿ. ಅಷ್ಟು ವಾಲಿ ಓಡಲಾಗದೆ ಕಾಲು ಗೆರೆ ಬಿಡುತ್ತದೆ.

ಇನ್ನು ಎಣಿಕೆ. ಒಂದು ಸುತ್ತು ತಪ್ಪಿದರೆ ಕಿಲೋಮೀಟರಿನಲ್ಲಿ ಎರಡೂವರೆ ಶೇಕಡಾ ಹೋಯಿತು, ಸೆಂಟಿಮೀಟರಿನ ಲೆಕ್ಕವೆಲ್ಲ ನೀರಿನಲ್ಲಿ ಹೋಮ. ಹತ್ತು ಸುತ್ತಿಗೊಮ್ಮೆ ದಿಕ್ಕು ಬದಲಿಸಿ, ಆಗಲೇ ವಾಚಿನ ಲ್ಯಾಪ್ ಗುಂಡಿ ಒತ್ತುತ್ತೇನೆ. ಒಂದೇ ಕಾಲಿನ ಮೇಲೆ ಭಾರ ಬೀಳುವುದೂ ತಪ್ಪುತ್ತದೆ. ಸುತ್ತಿಗೆ 10 ಸೆಕೆಂಡಿನಂತೆ ಹತ್ತು ಸುತ್ತಿಗೆ 100 ಸೆಕೆಂಡ್ ಬರುತ್ತಿದ್ದದ್ದು ಒಮ್ಮೆಲೇ 110 ಆದರೆ ದಣಿವಲ್ಲ, ಒಂದು ಸುತ್ತು ಹೆಚ್ಚು ಓಡಿದ್ದೀರಿ.

ಹೆಜ್ಜೆ ಲೆಕ್ಕದ ವಾಚನ್ನೂ ಇದೇ ಗೆರೆಯ ಮೇಲೆ ಸರಿಪಡಿಸಬಹುದು. ರಸ್ತೆಯ ಹೆಜ್ಜೆಗೆ ಹೊಂದಿಸಿದ ವಾಚು ಇಲ್ಲಿ ದೂರವನ್ನು ಹೆಚ್ಚಾಗಿ ತೋರಿಸುತ್ತದೆ, ತಿರುವಿನಲ್ಲಿ ಹೆಜ್ಜೆ ಗಿಡ್ಡವಾಗುವುದರಿಂದ. 1000 ಮೀಟರಿಗೆ 1090 ತೋರಿಸಿದರೆ ಅದರ ಅಂಕಿಯನ್ನು 0.917ರಿಂದ ಗುಣಿಸಿ. ಅದೇ ಸುತ್ತು, ಅದೇ ವೇಗ ಇರುವವರೆಗೆ ಮಾತ್ರ.