ಹಳೇ ಬ್ರಿಟಿಷ್ ಲಾರಿಯ ಫೋಟೋ ಓದುವುದು ಹೇಗೆ

ತಾತನ ಕಾಲದ ಲಾರಿ ಫೋಟೋ ಕೈಗೆ ಬಂದರೆ ಎಲ್ಲರೂ ಮೊದಲು ನೋಡುವುದು ಮುಂದಿನ ಬ್ಯಾಡ್ಜನ್ನು. ಕಟ್ಟಿದ ಕಂಪನಿ ಫೋಡನ್ನೋ, ಲೇಲ್ಯಾಂಡೋ, ಎಇಸಿಯೋ ಅಂತ. ನೀವು ಹಾಗೆ ಶುರು ಮಾಡಬೇಡಿ. ಬ್ಯಾಡ್ಜ್ ಕಳಚಿ ಬೀಳುತ್ತದೆ. ಬಣ್ಣ ಬದಲಾಗುತ್ತದೆ. ಎಂಜಿನ್ ಕೂಡ ಬದಲಾಗುತ್ತದೆ. ಕಾನೂನು ಕಡ್ಡಾಯವಾಗಿ ಬರೆಸಿದ ಅಕ್ಷರ, ಅಂಟಿಸಿದ ಚೀಟಿ, ತಗುಲಿಸಿದ ಬಿಲ್ಲೆ ಅಷ್ಟು ಸುಲಭಕ್ಕೆ ಸುಳ್ಳು ಹೇಳುವುದಿಲ್ಲ.

ನಾನು ಲಾರಿ ಓಡಿಸಿದವಳಲ್ಲ. 1970ರ ದಶಕದಲ್ಲಿ ಲ್ಯಾಂಕಶೈರ್‌ನ ಒಂದು ಸಾಗಣೆ ಕಂಪನಿಯ ಟ್ರಾಫಿಕ್ ಆಫೀಸಿನಲ್ಲಿ ಕೂತು ಡ್ರೈವರುಗಳ ಲಾಗ್ ಶೀಟ್ (ಎಷ್ಟು ಹೊತ್ತು ಓಡಿಸಿದೆ, ಎಲ್ಲಿ ನಿಂತೆ ಅಂತ ಅವರೇ ಬರೆಯುವ ಹಾಳೆ) ನೋಡುತ್ತಿದ್ದೆ. ಆ ಶೀಟುಗಳ ಪ್ರಕಾರ ಎಲ್ಲ ಡ್ರೈವರುಗಳೂ ಸರಿಯಾದ ಹೊತ್ತಿಗೆ ಊಟ ಮಾಡಿ, ಸರಿಯಾದ ಹೊತ್ತಿಗೆ ಮಲಗುತ್ತಿದ್ದರು! ಹಾಗಾಗಿ ನನ್ನ ಕಣ್ಣು ಲಾರಿಯ ಅಂದಕ್ಕಿಂತ ಅದರ ಕಾಗದಪತ್ರದ ಕಡೆಗೇ ಹೋಗುತ್ತದೆ. ಈಗ ಲೈಬ್ರರಿಯಲ್ಲಿ ಸ್ಥಳೀಯ ಇತಿಹಾಸದ ಗುಂಪು ಸೇರಿದಾಗ ಜನ ಬಿಸ್ಕತ್ ಡಬ್ಬಿ ತುಂಬ ಫೋಟೋ ತರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲೂ ಹೇಳುತ್ತೇನೆ.

ಮೊದಲು ಒಂದು ಭೂತಗನ್ನಡಿ ತಗೊಳ್ಳಿ. ಅಥವಾ ಫೋಟೋವನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿ. ಆಮೇಲೆ ನಂಬರ್ ಪ್ಲೇಟಿಗೆ ಬನ್ನಿ.

ಬ್ರಿಟನ್ನಿನಲ್ಲಿ ನಂಬರ್ ಪ್ಲೇಟ್ ಬಂದದ್ದು 1904ರಲ್ಲಿ. ಮೊದಮೊದಲು ಒಂದೋ ಎರಡೋ ಅಕ್ಷರ, ಆಮೇಲೆ ಅಂಕಿಗಳು. ಆ ಅಕ್ಷರ ಯಾವ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಅಥವಾ ಯಾವ ಪಟ್ಟಣ ಅಂತ ಹೇಳುತ್ತದೆ. ನಂಬರುಗಳು ಮುಗಿಯುತ್ತಾ ಬಂದಾಗ 1932ರಲ್ಲಿ ಸ್ಟಾಫರ್ಡ್‌ಶೈರ್ ಮೂರು ಅಕ್ಷರ ಶುರು ಮಾಡಿತು. ಮೂರು ಅಕ್ಷರ ಕಂಡರೆ ಮೊದಲನೆಯದನ್ನು ಬಿಟ್ಟು ಉಳಿದ ಎರಡನ್ನು ನೋಡಿ. ಸಿಕೆ ಇದ್ದರೆ ಪ್ರೆಸ್ಟನ್. ಎಚ್‌ಎಚ್ ಇದ್ದರೆ ಕಾರ್ಲೈಲ್. ಟಿಯು ಇದ್ದರೆ ಚೆಷೈರ್. 1953ರಿಂದ ಕೆಲವು ಕಡೆ ಅಂಕಿ ಮುಂದೆ, ಅಕ್ಷರ ಹಿಂದೆ ಬಂತು. ಆದರೆ ಎಲ್ಲ ಊರಲ್ಲೂ ಒಂದೇ ದಿನ ಬದಲಾಗಲಿಲ್ಲ. ಲಾರಿ ಜಾಸ್ತಿ ಇದ್ದ ಕೌಂಟಿಯಲ್ಲಿ ನಂಬರ್ ಬೇಗ ಮುಗಿಯಿತು, ಸಣ್ಣ ಕೌಂಟಿಯಲ್ಲಿ ನಿಧಾನವಾಗಿ ಮುಗಿಯಿತು, ಅಷ್ಟೇ.

ನಿಜವಾದ ಸುಗ್ಗಿ ಶುರುವಾಗುವುದು 1963ರಿಂದ. ಆ ವರ್ಷ ಪ್ಲೇಟಿನ ಕೊನೆಗೆ ವರ್ಷ ಸೂಚಿಸುವ ಅಕ್ಷರ ಸೇರಿತು. ಎ ಅಂದರೆ 1963, ಬಿ ಅಂದರೆ 1964. ನಂಬರ್ ಕೊಡುವ ಕೆಲವು ಕೌನ್ಸಿಲ್‌ಗಳು ತಡ ಮಾಡಿದವು. 1965ರ ಸಿ ಅಕ್ಷರದ ಹೊತ್ತಿಗೆ ಎಲ್ಲರೂ ಸೇರಿಕೊಂಡರು. ಡಿ ಅಂದರೆ 1966. ಇ ಬರುವುದು 1967ರ ಜನವರಿಯಿಂದ ಜುಲೈವರೆಗೆ ಮಾತ್ರ. ಆ ವರ್ಷ ಅಕ್ಷರ ಬದಲಾಗುವ ದಿನವನ್ನು ಆಗಸ್ಟ್ 1ಕ್ಕೆ ತಂದರು. ಅಲ್ಲಿಂದ ಎಫ್, ಜಿ, ಎಚ್ ಅಂತ ಹೋಗುತ್ತದೆ. ಐ, ಓ, ಕ್ಯೂ, ಯು, ಝಡ್ ಬಿಟ್ಟಿದ್ದಾರೆ. ವೈ ಮುಗಿದದ್ದು 1983ರ ಜುಲೈನಲ್ಲಿ. ಆಮೇಲೆ ಅಕ್ಷರ ಮುಂದಕ್ಕೆ ಹೋಯಿತು. ಪ್ಲೇಟಿನ ಬಣ್ಣವೂ ಸಹಾಯಕ್ಕೆ ಬರುತ್ತದೆ. 1973ರ ಜನವರಿಯಿಂದ ಹೊಸ ಗಾಡಿಗಳಿಗೆ ಮುಂದೆ ಬಿಳಿ, ಹಿಂದೆ ಹಳದಿ ಹೊಳೆಯುವ ಪ್ಲೇಟ್ ಕಡ್ಡಾಯವಾಯಿತು.

ಇಲ್ಲೊಂದು ಎಚ್ಚರಿಕೆ. ಪ್ಲೇಟ್ ಹೇಳುವುದು ಲಾರಿ ಮೊದಲು ನೋಂದಣಿಯಾದ ಕಾಲವನ್ನು. ಫೋಟೋ ತೆಗೆದ ದಿನವನ್ನಲ್ಲ, ಲಾರಿ ಕಟ್ಟಿದ ದಿನವನ್ನೂ ಅಲ್ಲ. ಎರಡನೇ ಮಹಾಯುದ್ಧದಲ್ಲಿ ಫಿರಂಗಿ ಎಳೆದ ಎಇಸಿ ಮ್ಯಾಟಡಾರ್ ಲಾರಿಗಳನ್ನು ಸೈನ್ಯ ಆಮೇಲೆ ಮಾರಿಬಿಟ್ಟಿತು. ಅವು ಮರದ ದಿಮ್ಮಿ ಎಳೆದವು, ಕೆಟ್ಟು ನಿಂತ ಲಾರಿಗಳನ್ನು ಎಳೆದವು. ಸೈನ್ಯದಿಂದ ಹೊರಗೆ ಬಂದ ಮೇಲೆ ಅವಕ್ಕೆ ಸಾಮಾನ್ಯ ನಂಬರ್ ಸಿಕ್ಕಿತು. ಹಾಗಾಗಿ ಪ್ಲೇಟ್ ನೋಡಿದರೆ ಯುದ್ಧದ ನಂತರದ್ದು, ಚಾಸಿಸ್ ಯುದ್ಧಕಾಲದ್ದು. ಗ್ಯಾರೇಜಿನವರು ತಾತ್ಕಾಲಿಕವಾಗಿ ತಗುಲಿಸುವ ಟ್ರೇಡ್ ಪ್ಲೇಟ್ ಇದ್ದರಂತೂ ಅದರ ಆಸೆಯನ್ನೇ ಬಿಡಿ. ಅದು ಇವತ್ತು ಈ ಗಾಡಿಗೆ, ನಾಳೆ ಇನ್ನೊಂದಕ್ಕೆ.

ಪ್ಲೇಟ್ ಆಯಿತು. ಈಗ ಲಾರಿಯ ಮೈ ನೋಡಿ. ಕ್ಯಾಬಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಖಾಲಿ ತೂಕ ಬರೆದಿರುತ್ತದೆ, ಟನ್ ಮತ್ತು ಹಂಡ್ರೆಡ್‌ವೇಟ್ (ಟನ್ನಿನ ಇಪ್ಪತ್ತನೇ ಒಂದು ಭಾಗ) ಲೆಕ್ಕದಲ್ಲಿ. ಇದನ್ನು ಯಾರೂ ಗಮನಿಸುವುದಿಲ್ಲ. ನನಗೆ ಇದೇ ಇಷ್ಟ. ಯಾಕೆಂದರೆ ಈ ತೂಕದ ಮೇಲೆ ವೇಗ ನಿಂತಿತ್ತು. 1950ರ ದಶಕದಲ್ಲಿ ಖಾಲಿ ತೂಕ 3 ಟನ್ ದಾಟಿದ ಲಾರಿ ಗಂಟೆಗೆ 20 ಮೈಲಿ ಮೀರುವಂತಿರಲಿಲ್ಲ. ಹಿಂದುಗಡೆ '20' ಅಂತ ಬರೆದ ಬಿಲ್ಲೆ ತಗುಲಿಸಬೇಕಿತ್ತು. 1957ರಲ್ಲಿ ಆ ಮಿತಿ 30ಕ್ಕೆ ಏರಿತು. ಹಾಗಾಗಿ ಲಾರಿಯ ಹಿಂಭಾಗ ಕಾಣುವ ಫೋಟೋ ಸಿಕ್ಕರೆ ಖುಷಿ ಪಡಿ. 20ರ ಬಿಲ್ಲೆ ಇದ್ದರೆ ಬಹುಮಟ್ಟಿಗೆ 1957ಕ್ಕೆ ಮುಂಚಿನದು. ಡ್ರೈವರ್ ನಿಜಕ್ಕೂ 20ರಲ್ಲೇ ಹೋಗುತ್ತಿದ್ದನಾ ಅನ್ನುವುದು ಬೇರೆ ವಿಷಯ.

ಮುಂದಿನ ಗಾಜಿನ ಮೂಲೆಯಲ್ಲಿ ಎರಡು ದುಂಡು ಚೀಟಿ ಕಾಣುತ್ತವಾ ನೋಡಿ. ಒಂದು ರಸ್ತೆ ತೆರಿಗೆಯದು. ಇನ್ನೊಂದು ಸಾಗಣೆ ಲೈಸೆನ್ಸಿನದು. 1933ರ ಕಾಯ್ದೆ ಲಾರಿಗಳನ್ನು ಮೂರು ಬಗೆ ಮಾಡಿತು. ಎ ಅಂದರೆ ಬಾಡಿಗೆಗೆ ಬೇರೆಯವರ ಸರಕು ಸಾಗಿಸುವವರು. ಸಿ ಅಂದರೆ ತಮ್ಮದೇ ಸರಕು ಸಾಗಿಸುವವರು, ಅಂದರೆ ಬೇಕರಿ, ಬಿಯರ್ ಕಾರ್ಖಾನೆ, ಇಟ್ಟಿಗೆ ಕಂಪನಿ. ಬಿ ಅಂದರೆ ಎರಡನ್ನೂ ಮಾಡುವವರು, ಷರತ್ತಿನ ಮೇಲೆ. 1968ರ ಕಾಯ್ದೆ ಈ ಪದ್ಧತಿಯನ್ನು ಕಿತ್ತು ಹಾಕಿ ಆಪರೇಟರ್ ಲೈಸೆನ್ಸ್ ತಂದಿತು. ಚೀಟಿಯಲ್ಲಿ ಒಂದು ದೊಡ್ಡ ಅಕ್ಷರ ಕಂಡರೂ ಸಾಕು, ಮಾಲೀಕ ಯಾವ ವ್ಯಾಪಾರದವನು ಅಂತ ಗೊತ್ತಾಗುತ್ತದೆ. ಎ ಲೈಸೆನ್ಸ್ ಪಡೆಯುವುದು ಸುಲಭವಿರಲಿಲ್ಲ. ರೈಲಿನವರೂ ಬೇರೆ ಸಾಗಣೆದಾರರೂ ಬಂದು ಆಕ್ಷೇಪ ಎತ್ತುತ್ತಿದ್ದರು. ಲಾರಿ ಕೊಳ್ಳುವುದಕ್ಕಿಂತ ಆ ಚೀಟಿಗೇ ಬೆಲೆ ಜಾಸ್ತಿ ಅನ್ನುವ ಕಾಲ ಅದು.

ಈಗ ಬಾಗಿಲಿಗೆ ಬನ್ನಿ. ಚಕ್ರದ ಮೇಲೆ ನಿಂತ ಸಿಂಹದ ಗುರುತು ಕಂಡರೆ ಅದು ಬ್ರಿಟಿಷ್ ರೋಡ್ ಸರ್ವಿಸಸ್, ಎಲ್ಲರ ಬಾಯಲ್ಲೂ ಬಿಆರ್‌ಎಸ್. 1947ರ ಕಾಯ್ದೆಯಂತೆ ಸರ್ಕಾರ ದೂರದ ಸಾಗಣೆ ಮಾಡುವ ಕಂಪನಿಗಳನ್ನು 1948ರಿಂದ ಒಂದೊಂದಾಗಿ ವಶಕ್ಕೆ ತೆಗೆದುಕೊಂಡಿತು. ಹೊರಗೆ ಉಳಿದವರು ವಿಶೇಷ ಪರವಾನಗಿ ಇಲ್ಲದೆ ತಮ್ಮ ನೆಲೆಯಿಂದ 25 ಮೈಲಿ ದಾಟುವಂತಿರಲಿಲ್ಲ. 1951ರಲ್ಲಿ ಸರ್ಕಾರ ಬದಲಾಯಿತು, 1953ರ ಕಾಯ್ದೆಯಂತೆ ಲಾರಿಗಳನ್ನು ಮತ್ತೆ ಮಾರಾಟಕ್ಕಿಟ್ಟರು. ಎಲ್ಲವೂ ಮಾರಿಹೋಗಲಿಲ್ಲ, ಬಿಆರ್‌ಎಸ್ ಉಳಿಯಿತು. ಸಾಮಾನ್ಯ ಸರಕಿನ ಲಾರಿಗೆ ಕೆಂಪು, ಪಾರ್ಸೆಲ್ ಲಾರಿಗೆ ಹಸಿರು. ಕಪ್ಪು-ಬಿಳುಪು ಫೋಟೋದಲ್ಲಿ ಎರಡೂ ಒಂದೇ ಥರ ಬೂದು ಕಾಣುತ್ತವೆ. ಬಣ್ಣ ಊಹೆ ಮಾಡಬೇಡಿ, ಅಕ್ಷರ ಓದಿ.

ಈ ಸಿಂಹ ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಒಬ್ಬ ಹೆಂಗಸು ಎಂಟು ಚಕ್ರದ ಲಾರಿಯ ಫೋಟೋ ತಂದಿದ್ದರು. 'ನಮ್ಮಜ್ಜನ ಸ್ವಂತ ಲಾರಿ, ಯುದ್ಧಕ್ಕೆ ಮುಂಚಿನದು' ಅಂದರು. ಪ್ಲೇಟ್ ನಿಜವಾಗಿಯೂ ಯುದ್ಧಕ್ಕೆ ಮುಂಚಿನದೇ. ಆದರೆ ಬಾಗಿಲ ಮೇಲೆ ಸಿಂಹ. ಅವರ ಮನೆಯಲ್ಲಿ ಇನ್ನೊಂದು ಮಾತೂ ಇತ್ತು, 'ಅಜ್ಜನ ಲಾರಿಯನ್ನು ಸರ್ಕಾರ ಕಿತ್ತುಕೊಂಡಿತು' ಅಂತ. ಎರಡೂ ನಿಜ. ಲಾರಿಯನ್ನು ಸರ್ಕಾರಕ್ಕೆ ಕೊಟ್ಟ ಅಜ್ಜ ಅದೇ ಲಾರಿಯನ್ನು ಸಂಬಳಕ್ಕೆ ಓಡಿಸುತ್ತಿದ್ದಾಗ ತೆಗೆದ ಫೋಟೋ ಅದು. ಬ್ಯಾಡ್ಜ್ ಮಾತ್ರ ನೋಡಿದ್ದರೆ ಈ ಕಥೆ ಸಿಗುತ್ತಿರಲಿಲ್ಲ, ಅಲ್ವಾ?

ಸರಿ, ಈಗ ಬೇಕಾದರೆ ಲಾರಿಯ ಮೇಕ್ ನೋಡಿ. ಹೆಸರುಗಳು ಮಜವಾಗಿವೆ. ಲೇಲ್ಯಾಂಡಿನವರಿಗೆ ಪ್ರಾಣಿಗಳು: ಬೀವರ್, ಆಕ್ಟೋಪಸ್, ಹಿಪ್ಪೋ. ಸೌತಾಲ್‌ನ ಎಇಸಿಯವರಿಗೆ ಎಂ ಅಕ್ಷರದ ಹುಚ್ಚು: ಮ್ಯಾಮತ್ ಮೇಜರ್, ಮರ್ಕ್ಯುರಿ, ಮ್ಯಾಂಡೇಟರ್. ಚೆಷೈರ್‌ನ ಸ್ಯಾಂಡ್‌ಬ್ಯಾಚ್ ಎಂಬ ಒಂದೇ ಪಟ್ಟಣದಲ್ಲಿ ಫೋಡನ್ ಮತ್ತು ಇಆರ್‌ಎಫ್ ಎರಡೂ ಇದ್ದವು. ಫೋಡನ್ ಮನೆತನದ ಎಡ್ವಿನ್ ರಿಚರ್ಡ್ ಫೋಡನ್ ಹೊರಗೆ ಬಂದು 1933ರಲ್ಲಿ ಕಟ್ಟಿದ್ದೇ ಇಆರ್‌ಎಫ್. ಸ್ಕ್ಯಾಮೆಲ್ ವಾಟ್‌ಫರ್ಡಿನದು, ಆಲ್ಬಿಯನ್ ಗ್ಲಾಸ್ಗೋದ್ದು, ಗೈ ವುಲ್ವರ್‌ಹ್ಯಾಂಪ್ಟನ್ನಿನದು. ಮೂರು ಚಕ್ರದ ಪುಟ್ಟ ಲಾರಿ ರೈಲ್ವೆ ಯಾರ್ಡಿನಲ್ಲಿ ನಿಂತಿದ್ದರೆ ಅದು ಬಹುಶಃ ಸ್ಕ್ಯಾಮೆಲ್ ಸ್ಕ್ಯಾರಬ್.

ಮೋಸ ಹೋಗುವುದು ಕ್ಯಾಬಿನ ಆಕಾರದಲ್ಲಿ. 1964ರಲ್ಲಿ ಬಂದ ಎರ್ಗೊಮ್ಯಾಟಿಕ್ ಕ್ಯಾಬನ್ನು ಲೇಲ್ಯಾಂಡ್, ಎಇಸಿ, ಆಲ್ಬಿಯನ್ ಮೂರೂ ಹಂಚಿಕೊಂಡವು. ದೂರದಿಂದ ಬೇರೆ ಮಾಡುವುದು ಕಷ್ಟ. ಇನ್ನೊಂದು ಕಡೆ ಆಟ್ಕಿನ್ಸನ್‌ನವರು 1960ರ ದಶಕ ಮುಗಿಯುತ್ತಾ ಬಂದರೂ ಎತ್ತರದ ರೇಡಿಯೇಟರನ್ನು ಹೊರಗೇ ಬಿಟ್ಟಿದ್ದರು. ಸ್ಕ್ಯಾಮೆಲ್ ಹೈವೇಮನ್‌ಗೆ ಮುಂದೆ ಉದ್ದ ಬಾನೆಟ್. ಇವನ್ನು ನೋಡಿ ಜನ ಸುಮ್ನೆ 'ಇದು ನಲವತ್ತರ ದಶಕದ್ದು' ಅಂದುಬಿಡುತ್ತಾರೆ. ಪ್ಲೇಟ್ ನೋಡಿದರೆ ಕೊನೆಯಲ್ಲಿ ಎಫ್ ಇರುತ್ತದೆ, ಅಂದರೆ 1967-68!

ಕಾಗದದ ಕೆಲಸ ಇಲ್ಲಿಗೆ ಮುಗಿಯಿತು. ಇನ್ನು ಆ ಲಾರಿ ಓಡಿಸಿದವರು ಬದುಕಿದ್ದರೆ ತಡ ಮಾಡದೆ ಹೋಗಿ ಮಾತಾಡಿಸಿ. ಆದರೆ 'ಆ ಕಾಲ ಹೇಗಿತ್ತು?' ಅಂತ ಕೇಳಬೇಡಿ. 'ಚೆನ್ನಾಗಿತ್ತು, ಕಷ್ಟವಿತ್ತು' ಅನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಕೈಗೆ ಸಂಬಂಧಿಸಿದ್ದನ್ನು ಕೇಳಿ. ಸರಕಿನ ಮೇಲೆ ಟಾರ್ಪಾಲಿನ್ ಶೀಟ್ ಹೊದಿಸುವಾಗ ಮೊದಲು ಯಾವ ಕಡೆಯಿಂದ ಶುರು ಮಾಡುತ್ತಿದ್ದಿರಿ? ಮಳೆಯಲ್ಲಿ ನೆನೆದ ಶೀಟ್ ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಹೇಗೆ ಮಡಚುತ್ತಿದ್ದಿರಿ? ಕ್ಯಾಬಿನಲ್ಲಿ ಹೀಟರ್ ಇಲ್ಲದಾಗ ಕಾಲಿಗೆ ಏನು ಸುತ್ತಿಕೊಳ್ಳುತ್ತಿದ್ದಿರಿ? ಗೇರ್ ಇಳಿಸುವಾಗ ಕ್ಲಚ್ ಎರಡು ಸಲ ಒತ್ತಬೇಕಿತ್ತಾ?

ಇನ್ನೂ ಒಳ್ಳೆಯ ಉಪಾಯವಿದೆ. ಒಂದು ಮೂರು ಗಜ ಹಗ್ಗ ತಗೊಂಡು ಹೋಗಿ. ಬಟ್ಟೆ ಒಣಗಿಸುವ ಹಗ್ಗವಾದರೂ ಸರಿ. ಚಪ್ಪಟೆ ಲಾರಿಯ ಮೇಲೆ ಸರಕು ಬಿಗಿಯಲು ಡ್ರೈವರುಗಳು ಡಾಲಿ ನಾಟ್ ಎಂಬ ಗಂಟು ಹಾಕುತ್ತಿದ್ದರು. ಹಗ್ಗದ ನಡುವೆ ಒಂದು ಕುಣಿಕೆ ತಿರುಚಿ, ಕೆಳಗಿನ ಸುರುಳಿಯನ್ನು ಲಾರಿಯ ಅಂಚಿನ ಕೊಕ್ಕೆಗೆ ಸಿಕ್ಕಿಸಿ, ತುದಿಯನ್ನು ಜೋರಾಗಿ ಎಳೆಯುವುದು. ರಾಟೆಯ ಹಾಗೆ ಬಲ ಹೆಚ್ಚಾಗುತ್ತದೆ. ಒಬ್ಬರು ತೊಂಬತ್ತರ ಹತ್ತಿರದ ಹಿರಿಯರಿಗೆ ಕಂಪನಿಗಳ ಹೆಸರು ನೆನಪಿಗೆ ಬರುತ್ತಿರಲಿಲ್ಲ. ಹಗ್ಗ ಕೈಗೆ ಕೊಟ್ಟೆ. ಕುರ್ಚಿಯ ಕೈಗೆ ಗಂಟು ಬಿಗಿಯುತ್ತಾ, ಉಣ್ಣೆಯ ಮೂಟೆಗೆ ಹೇಗೆ, ಸ್ಟೀಲಿಗೆ ಹೇಗೆ ಅಂತ ಶುರು ಮಾಡಿದರು. ಸ್ಟೀಲು ಎಲ್ಲಿಂದ ಎಲ್ಲಿಗೆ ಅಂದೆ. ದಾರಿ ಬಂತು, ಕೆಫೆ ಬಂತು, ಕೊನೆಗೆ ಕಂಪನಿಯ ಹೆಸರೂ ಬಂತು.

ದಾರಿಯ ಬಗ್ಗೆ ಕೇಳುವಾಗ ಮೋಟರ್‌ವೇಗಿಂತ ಹಿಂದಿನದನ್ನು ಕೇಳಿ. ಮೊದಲ ಮೋಟರ್‌ವೇ ಪ್ರೆಸ್ಟನ್ ಬೈಪಾಸ್, 1958ರ ಡಿಸೆಂಬರಿನಲ್ಲಿ ತೆರೆಯಿತು. ಆದರೆ ಉತ್ತರಕ್ಕೆ ಹೋಗುವ ಎಂ6 ಮೋಟರ್‌ವೇ ಶಾಪ್ ಎಂಬ ಬೆಟ್ಟ ದಾಟಿದ್ದು 1970ರಲ್ಲಿ. ಅಲ್ಲಿವರೆಗೆ ಸ್ಕಾಟ್ಲೆಂಡಿಗೆ ಹೋಗುವ ಲಾರಿಗಳು ಎ6 ರಸ್ತೆಯಲ್ಲಿ ಹಿಮ, ಮಂಜು, ಗಾಳಿ ಎಲ್ಲ ತಿಂದುಕೊಂಡೇ ಬೆಟ್ಟ ಹತ್ತಬೇಕಿತ್ತು. ಆ ದಾರಿಯ ಜಂಗಲ್ ಕೆಫೆಯ ಹೆಸರು ಎತ್ತಿ ನೋಡಿ. ಉತ್ತರದ ಹಳೇ ಡ್ರೈವರುಗಳ ಮುಖ ಬದಲಾಗುತ್ತದೆ. ಸದ್ದಿನ ಬಗ್ಗೆಯೂ ಕೇಳಿ. ಕಾಮರ್ ಲಾರಿಯ ಟಿಎಸ್3 ಎಂಜಿನ್ನಿನಲ್ಲಿ ಮೂರು ಸಿಲಿಂಡರ್, ಆರು ಪಿಸ್ಟನ್, ಟು-ಸ್ಟ್ರೋಕ್. ಅದರ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುವವರಿದ್ದಾರೆ. ಅದನ್ನು ಬರೆಯಲು ಹೋಗಬೇಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ.

ಲಾಗ್ ಶೀಟ್ ಉಳಿದಿದ್ದರೆ ಬಿಸಾಡಲು ಬಿಡಬೇಡಿ. 1981ರ ಕೊನೆಗೆ ಟ್ಯಾಕೋಗ್ರಾಫ್ (ಓಡಿಸಿದ ಹೊತ್ತು, ವೇಗವನ್ನು ತಾನೇ ದಾಖಲಿಸುವ ಯಂತ್ರ) ಕಡ್ಡಾಯವಾಗುವವರೆಗೆ ಕೈಬರಹದ ಲಾಗ್ ಇತ್ತು. ಅದರಲ್ಲಿನ ಗಂಟೆಗಳನ್ನು ನಂಬಬೇಡಿ. ಊರುಗಳನ್ನು ನಂಬಬಹುದು.

ಫೋಟೋದ ಹಿಂದೆ ಪೆನ್ನಿನಲ್ಲಿ ಬರೆಯಬೇಡಿ, ಮಸಿ ಮುಂದಕ್ಕೆ ಇಳಿಯುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಫೋಟೋದಲ್ಲಿ ಕಂಡದ್ದು, ಡ್ರೈವರ್ ಹೇಳಿದ್ದು, ನಿಮ್ಮ ಊಹೆ, ಮೂರನ್ನೂ ಬೇರೆ ಬೇರೆ ಬರೆಯಿರಿ. ಬೆರೆಸಿದರೆ ಮುಂದಿನವರಿಗೆ ಬೇರ್ಪಡಿಸಲು ಆಗುವುದಿಲ್ಲ. ಇನ್ನೂ ಹುಡುಕಬೇಕಿದ್ದರೆ ಕೌಂಟಿಯ ದಾಖಲೆ ಕಚೇರಿಗೆ ಪ್ಲೇಟ್ ನಂಬರ್ ಬರೆದು ಕಳಿಸಿ. ಕೆಲವು ಕೌಂಟಿಗಳ ಹಳೇ ನೋಂದಣಿ ಪುಸ್ತಕ ಉಳಿದಿವೆ, ಕೆಲವು ನಾಶವಾಗಿವೆ. ಡ್ರಾಯ್ಟ್‌ವಿಚ್‌ನ ಕಿಟ್‌ಹೆಡ್ ಟ್ರಸ್ಟ್ ಎಂಬ ಸಂಸ್ಥೆಯೂ ಇಂಥ ದಾಖಲೆಗಳನ್ನು ಕೂಡಿಸಿಟ್ಟಿತ್ತು. ಲೇಲ್ಯಾಂಡ್ ಪಟ್ಟಣದ ಬ್ರಿಟಿಷ್ ಕಮರ್ಷಿಯಲ್ ವೆಹಿಕಲ್ ಮ್ಯೂಸಿಯಂನವರಿಗೆ ಬರೆಯುವಾಗ ಬರೀ ಫೋಟೋ ಕಳಿಸಿ 'ಇದೇನು?' ಅಂತ ಕೇಳಬೇಡಿ. ಪ್ಲೇಟ್ ನಂಬರ್, ಮೇಕ್, ಸಿಕ್ಕರೆ ಚಾಸಿಸ್ ನಂಬರ್ ಕೊಡಿ. ಚಾಸಿಸ್ ನಂಬರ್ ಫೋಟೋದಲ್ಲಿ ಇರುವುದಿಲ್ಲ. ಹಳೇ ನೋಂದಣಿ ಪುಸ್ತಕದಲ್ಲಿ ಇರುತ್ತದೆ. ಅದಕ್ಕೇ ಬಿಸ್ಕತ್ ಡಬ್ಬಿಯ ತಳದಲ್ಲಿರುವ ಮಡಚಿದ ಕಾಗದಗಳನ್ನೂ ಬಿಚ್ಚಿ ನೋಡಿ.