ಸೊಪ್ಪಿನ ಬೆಟ್ಟಕ್ಕೊಂದು ದಣಪೆ

ಬೆಟ್ಟದ ಲೆಕ್ಕ ನಾನು ಕಲಿತದ್ದು ಕೊಟ್ಟಿಗೆಯಲ್ಲಿ. ಮದುವೆಯಾಗಿ ಶಿರಸಿ ಹತ್ತಿರದ ಈ ಊರಿಗೆ ಬಂದಾಗ ಮನೆಯಲ್ಲಿ ಆರು ದನ ಇದ್ದವು. ದಿನಕ್ಕೆ ಬೆಟ್ಟದಿಂದ ಎರಡು ಹೊರೆ ಸೊಪ್ಪು ಬೇಕಿತ್ತು. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು, ಅಂದರೆ ಉದುರಿದ ಒಣ ಎಲೆ. ದನದ ಕಾಲಡಿಗೆ ಹಾಸಿದ್ದು ಸೆಗಣಿ, ಗಂಜಲ ಹೀರಿಕೊಂಡು ಮರುದಿನ ಗೊಬ್ಬರಗುಂಡಿಗೆ ಹೋಗುತ್ತದೆ. ಅಲ್ಲಿ ಕೊಳೆತು ಅಡಿಕೆ ಮರದ ಬುಡಕ್ಕೆ. ಕೊಟ್ಟಿಗೆ ಕೆಲಸ ಹೆಂಗಸರದ್ದು, ಹಾಗಾಗಿ ಸೊಪ್ಪು ಕಡಿಮೆಯಾದರೆ ಮೊದಲು ಗೊತ್ತಾಗುವುದೂ ನಮಗೇ.

2012ರ ಹೊತ್ತಿಗೆ ಹೊರೆ ಸಣ್ಣದಾಗಿತ್ತು. ಸೊಪ್ಪಿಗೆ ಹೋದವರು ಮಧ್ಯಾಹ್ನ ಕಳೆದು ಬರುತ್ತಿದ್ದರು. ತರುತ್ತಿದ್ದುದು ಎಲೆಗಿಂತ ಕೋಲೇ ಜಾಸ್ತಿ. ಒಂದು ದಿನ ನಾನೇ ಹತ್ತಿ ನೋಡಿದೆ. ಮೇಲಿನ ಅರ್ಧ ಪೂರ್ತಿ ಬೋಳು. ಉಳಿದ ಮತ್ತಿ, ಹೊನ್ನೆ ಮರಗಳು ಕಂಬದ ಹಾಗೆ ನಿಂತಿದ್ದವು, ತುದಿಯಲ್ಲಿ ಒಂದು ಹಿಡಿ ಎಲೆ. ಮಳೆ ನೀರಿಗೆ ಕೆಂಪು ಮಣ್ಣು ಕೊಚ್ಚಿ ಹೋಗಿ ಜಂಬಿಟ್ಟಿಗೆ ಎದ್ದು ಕಾಣುತ್ತಿತ್ತು. ಮನೆಗೆ ಬಂದು ಅತ್ತೆಗೆ ಹೇಳಿದರೆ ಅವರು ಅಡಿಕೆ ಸುಲಿಯುವುದನ್ನು ನಿಲ್ಲಿಸಲೇ ಇಲ್ಲ. “ಬೆಟ್ಟ ಹೋತು ಅಂದ್ರೆ ತೋಟನೂ ಹೋತು, ತಿಳ್ಕ” ಅಂದರು, ಅಷ್ಟೇ.

ಬೇರೆ ಕಡೆಯವರಿಗೆ ಒಂದು ಮಾತು. ನಮ್ಮಲ್ಲಿ ಬೆಟ್ಟ ಅಂದರೆ ಬರೀ ಗುಡ್ಡ ಅಲ್ಲ. ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು. ಕಣಿವೆಯಲ್ಲಿ ತೋಟ, ಅದರ ಕೆಳಗೆ ಅಥವಾ ಪಕ್ಕಕ್ಕೆ ಗದ್ದೆ, ಮೇಲೆ ಬೆಟ್ಟ, ಹುಲ್ಲಿಗೆ ಬೇಣ. ಹಳೆಯ ಊರುಗಳೆಲ್ಲ ಹೀಗೇ ಕೂತಿವೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ಬ್ರಿಟಿಷರಿಗೆ ಕಾಡಿನಿಂದ ಬೇಕಾದದ್ದು ತೇಗ, ನಾಟಾ ಮರ. ನಮ್ಮವರಿಗೆ ಬೇಕಾದದ್ದು ಎಲೆ. ಈ ಜಗ್ಗಾಟದಲ್ಲೇ ಬೆಟ್ಟದ ಸವಲತ್ತು ಬಂತು: ಘಟ್ಟದ ಮೇಲೆ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಭೂಮಿ ಸರ್ಕಾರದ್ದು. ಸೊಪ್ಪು, ದರಕು, ಹುಲ್ಲು, ಒಣಕಟ್ಟಿಗೆ ನಮ್ಮ ಬಳಕೆಗೆ. ಅದನ್ನು ತೋಟ ಮಾಡುವ ಹಾಗಿಲ್ಲ, ಮರ ಉರುಳಿಸುವ ಹಾಗಿಲ್ಲ. ಒಂದೂವರೆ ಎಕರೆ ತೋಟ ಇರುವ ನಮಗೆ ಬಂದದ್ದು ಸುಮಾರು 11 ಎಕರೆ. ತೋಟ ಎಷ್ಟು ಎಂದು ಕೇಳಿದರೆ ಎಲ್ಲರೂ ಒಂದೂವರೆ ಎಂದೇ ಹೇಳುತ್ತೇವೆ. ಉಳಿದ 11 ಯಾರ ಬಾಯಲ್ಲೂ ಬರುವುದಿಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಕಡೆ ಜನ ಮರ ಅಪ್ಪಿಕೊಂಡು ಸರ್ಕಾರದ ಕಡಿತ ನಿಲ್ಲಿಸಿದರು. ಈ ಅಪ್ಪಿಕೋ ಚಳವಳಿ ಬಗ್ಗೆ ನಮಗೆಲ್ಲ ಹೆಮ್ಮೆ ಇದೆ. ಆದರೆ ನಮ್ಮ ಬೆಟ್ಟ ಬೋಳು ಮಾಡಿದ್ದು ಯಾವ ಗುತ್ತಿಗೆದಾರನೂ ಅಲ್ಲ, ನಾವೇ.

ಅರಣ್ಯ ಇಲಾಖೆಯವರಿಗೆ ಹೇಳಿ ಮೊದಲು ಬೆಟ್ಟದ ಗಡಿಗೆ ಅಗಳ, ಅಂದರೆ ಆಳದ ಕಂದಕ, ತೆಗೆಸಿದೆವು. ದನ ನುಗ್ಗದಿದ್ದರೆ ಸಾಕು ಅಂತ. ಜೆಸಿಬಿಗೆ ತಾಸಿನ ಲೆಕ್ಕ, ಬೇಗ ಮುಗಿಯಲಿ ಎಂದು ಗಡಿಗುಂಟ ಮೇಲಿಂದ ಕೆಳಕ್ಕೆ ಒಂದೇ ಗೆರೆ ಎಳೆಸಿದ್ದು ನನ್ನ ತಪ್ಪು. ಜೂನಿನ ಎರಡನೇ ವಾರ ಒಂದೇ ರಾತ್ರಿ ಆ ಅಗಳ ಹಳ್ಳವಾಯಿತು. ಬೆಳಿಗ್ಗೆ ತೋಟಕ್ಕೆ ಹೋದರೆ ನೀರು ಬಸಿಯುವ ಕಾದಿಗೆ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಕೆಂಪು ರಾಡಿ ಮೊಣಕಾಲುದ್ದ. ನೀರು ಹೋಗಲು ಜಾಗವಿಲ್ಲದೆ ಅಡಿಕೆ ಬುಡದಲ್ಲೇ ನಿಂತಿತ್ತು. ಆರು ಆಳು, ಒಂಬತ್ತು ದಿನ, ಬುಟ್ಟಿಯಲ್ಲಿ ರಾಡಿ ಹೊತ್ತು ಹಾಕಿದೆವು. ಬೆಟ್ಟದ ಮಣ್ಣು ತೋಟಕ್ಕೆ ಒಳ್ಳೆಯದು ಅನ್ನುತ್ತಾರಲ್ಲ, ಬೇಕಾದಷ್ಟು ಸಿಕ್ಕಿತು!

ಮರುವರ್ಷ ಕೈಯಲ್ಲೇ ಕೆಲಸ ಮಾಡಿಸಿದೆವು. ಅಗಳದೊಳಗೆ ಹತ್ತು ಹತ್ತು ಅಡಿಗೆ ಮಣ್ಣಿನ ಅಡ್ಡಗೋಡೆ ಬಿಟ್ಟೆವು, ನೀರು ಓಡದೆ ಅಲ್ಲಲ್ಲೇ ಇಂಗಲಿ ಎಂದು. ಒಳಗಿನ ಇಳಿಜಾರಿಗೆ ಅಡ್ಡಲಾಗಿ ತುಂಡು ತುಂಡು ಇಂಗುಗುಂಡಿ ತೋಡಿದೆವು. ಮೇಲಿನ ಗುಂಡಿಗಳ ನಡುವಿನ ಖಾಲಿ ಜಾಗದ ಕೆಳಗೆ ಕೆಳಸಾಲಿನ ಗುಂಡಿ ಬರಬೇಕು. ತೆಗೆದ ಮಣ್ಣು ಕೆಳಬದಿಗೇ ಹಾಕಬೇಕು. ಏರಿ ಮೇಲೆ ಕತ್ತಾಳೆ ನೆಟ್ಟೆವು.

ಗಿಡ ನೆಡುವ ಹುಮ್ಮಸ್ಸು ನನಗೆ ಜಾಸ್ತಿಯೇ ಇತ್ತು. ಬೇಗ ಹಸಿರಾಗುತ್ತದೆ, ಅಕೇಶಿಯಾ ಹಾಕಿ ಎಂದು ಹೇಳಿದವರೂ ಇದ್ದರು. ಅದರ ಎಲೆ ಗುಂಡಿಯಲ್ಲಿ ಬೇಗ ಕೊಳೆಯುವುದಿಲ್ಲ. ದನಕ್ಕೆ ಹಾಸಿದರೂ ಗಂಜಲ ಹೀರುವುದಿಲ್ಲ. ಹಾಗಾಗಿ ಬೇಡ ಅಂದೆ. ಉಪ್ಪಾಗೆ, ಮುರುಗಲು, ವಾಟೆ, ನೇರಳೆ, ಹಲಸು ಸೇರಿ ಇನ್ನೂರು ಸಸಿ ನೆಟ್ಟೆವು. ಬೋಳು ಭಾಗದಲ್ಲಿ ನೆಟ್ಟದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಎರಡನೇ ಬೇಸಿಗೆಗೆ ಸತ್ತವು. ಆದರೆ ಅಲ್ಲೇ, ನಾವು ಸತ್ತಿದೆ ಎಂದುಕೊಂಡ ಹಳೇ ಬೊಡ್ಡೆಗಳಿಂದ ಮತ್ತಿ, ಹೊನ್ನೆ, ಕೌಲು ಚಿಗುರಿದವು. ಬೇರು ಒಳಗೆ ಜೀವ ಹಿಡಿದುಕೊಂಡೇ ಇತ್ತು. ಪ್ರತಿವರ್ಷ ದನ ಮೇಯುತ್ತಿತ್ತು, ಬೆಂಕಿ ಬೀಳುತ್ತಿತ್ತು, ಅಷ್ಟೇ. ಈಗ ಯಾರಾದರೂ ಕೇಳಿದರೆ ಹೇಳುವುದಿಷ್ಟು: ಸಸಿಗೆ ದುಡ್ಡು ಹಾಕುವ ಮೊದಲು ಎರಡು ವರ್ಷ ಸುಮ್ನೆ ಕಾಯಿರಿ, ಏನು ಎದ್ದು ಬರುತ್ತದೆ ನೋಡಿ. ಒಂದು ಬೊಡ್ಡೆಗೆ ಎರಡು ಗಟ್ಟಿ ಚಿಗುರು ಬಿಟ್ಟು ಉಳಿದದ್ದನ್ನು ಸವರಿದರೆ ಅದೇ ಸೊಪ್ಪಾಯಿತು.

ಕಾಯುವುದು ಹೇಳಿದಷ್ಟು ಸುಲಭವಲ್ಲ, ಕೊಟ್ಟಿಗೆ ಕಾಯುವುದಿಲ್ಲವಲ್ಲ. ಆರು ದನವನ್ನು ಮೂರಕ್ಕೆ ಇಳಿಸಿದೆವು. ಅತ್ತೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ತೋಟದಲ್ಲಿ ಬಿದ್ದ ಅಡಿಕೆ ಸೋಗೆಯನ್ನು ಯಂತ್ರದಲ್ಲಿ ಕತ್ತರಿಸಿ ಹಾಸಿದೆವು. ಗಡಿ ಅಳತೆಗೆಂದು ಒಂದು ಕಚೇರಿಗೆ ಅಲೆದದ್ದನ್ನು ಇಲ್ಲಿ ಬರೆಯುವುದಿಲ್ಲ. ಅರ್ಜಿ ಇನ್ನೂ ಅಲ್ಲೇ ಇದೆ.

ಅಗಳ ಮುಗಿದ ವಾರವೇ ಕೆಳಗಿನ ಕೇರಿಯ ಒಬ್ಬಾಕೆ ಅಂಗಳಕ್ಕೆ ಬಂದಳು. ನಮ್ಮ ತೋಟದ ಕೆಲಸಕ್ಕೂ ಬರುವವಳು. “ಅಮ್ಮ, ನಾವು ಕಟ್ಟಿಗೆಗೆ ಎಲ್ಲಿ ಹೋಗೋದು?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೆಟ್ಟ ಬರುವುದು ತೋಟ ಇದ್ದವರಿಗೆ. ಬರೀ ಗದ್ದೆ ಇದ್ದವರಿಗೆ, ಏನೂ ಇಲ್ಲದವರಿಗೆ ಕಾಗದದಲ್ಲಿ ಜಾಗವಿಲ್ಲ. ಅವರ ಅಜ್ಜಿ ಕಾಲದಿಂದ ನಡೆದ ಕಾಲುದಾರಿಗೆ ಅಡ್ಡವಾಗಿ ನಾನು ಅಗಳ ತೋಡಿಸಿದ್ದೆ. ಅಲ್ಲೇ ಅಗಳ ದಾಟಲು ಒಂದು ಸಂಕ ಹಾಕಿಸಿ, ಅಡ್ಡಗಳದ ಬಾಗಿಲು, ದಣಪೆ ಕೂರಿಸಿದೆವು. ಮೂರು ಗಳ ಸರಿಸಿದರೆ ಜನ ಹೋಗಬಹುದು, ಮತ್ತೆ ಹಾಕಿದರೆ ದನ ಬರುವುದಿಲ್ಲ. ಒಣಕಟ್ಟಿಗೆ ಯಾರು ಬೇಕಾದರೂ ತರಬಹುದು. ಉಪ್ಪಾಗೆ ಹಣ್ಣು ಬಿದ್ದದ್ದನ್ನು ಹೆಕ್ಕಬೇಕು, ಕೊಂಬೆ ಕಡಿಯಬಾರದು. ಮನೆಯಲ್ಲಿ ಇದಕ್ಕೆ ಎಲ್ಲರ ಒಪ್ಪಿಗೆ ಇರಲಿಲ್ಲ. 2016ರ ಮಾರ್ಚಿನಲ್ಲಿ ರಸ್ತೆ ಕಡೆಯಿಂದ ಬೆಂಕಿ ಬಿದ್ದಾಗ ಮೊದಲು ಕಂಡು ಕೂಗಿದವಳು ಅವಳೇ. ಹಸಿ ಸೊಪ್ಪಿನ ಕಂತೆಯಲ್ಲಿ ಬಡಿದು ಆರಿಸಿದವರಲ್ಲೂ ಕೇರಿಯವರೇ ಜಾಸ್ತಿ. ಆಮೇಲೆ ದಣಪೆಯ ಮಾತು ಯಾರೂ ಎತ್ತಲಿಲ್ಲ.

ಈಗ ಬೆಟ್ಟವನ್ನು ಮೂರು ಪಾಲು ಮಾಡಿದ್ದೇವೆ. ವರ್ಷಕ್ಕೆ ಒಂದು ಪಾಲಿನಲ್ಲಿ ಮಾತ್ರ ಸೊಪ್ಪು. ಮರದ ತಲೆ ಮುಟ್ಟುವ ಹಾಗಿಲ್ಲ, ಮೇಲಿನ ಮೂರನೇ ಒಂದು ಭಾಗ ಹಾಗೇ ಬಿಡಬೇಕು. ಕೊಂಬೆ ಸಿಗಿಯದ ಹಾಗೆ ಓರೆಯಾಗಿ, ಹರಿತ ಕತ್ತಿಯಲ್ಲಿ ಒಂದೇ ಏಟು. ದರಕನ್ನೂ ಪೂರ್ತಿ ಗುಡಿಸುವುದಿಲ್ಲ. ಮೊದಲು ನೆಲ ಕಾಣುವವರೆಗೆ ಗುಡಿಸಿದರೇನೇ ಕೆಲಸ ಮಾಡಿದ ಸಮಾಧಾನ. ಈಗ ಗಡಿಯಲ್ಲಿ ಬೆಂಕಿ ದಾಟದಷ್ಟು ಅಗಲ ಮಾತ್ರ ಚೊಕ್ಕ ಮಾಡುತ್ತೇವೆ.

ಮನೆ ಹಿಂದೆ ಬೆಟ್ಟದಿಂದ ಇಳಿದು ಬರುವ ಅಬ್ಬಿ ನೀರು ಮೊದಲು ಫೆಬ್ರವರಿಗೇ ನಿಲ್ಲುತ್ತಿತ್ತು. ಕಳೆದ ವರ್ಷ ಏಪ್ರಿಲ್ ಮೊದಲ ವಾರದವರೆಗೆ ಬೆರಳು ದಪ್ಪ ಬಂತು. ಬೆಟ್ಟದಿಂದಲೇ ಎಂದು ಆಣೆ ಹಾಕಲಾರೆ, ಆ ವರ್ಷ ಮಳೆಯೂ ಚೆನ್ನಾಗಿತ್ತು. ಅತ್ತೆ ಮಾತ್ರ, ನೀರು ಹರಿಸಲು ಅಡಿಕೆ ಮರ ಸೀಳಿ ಮಾಡುವ ದಬ್ಬೆ ಇದೆಯಲ್ಲ, ಆ ಹಳೇ ದಬ್ಬೆ ಜಾಗದಲ್ಲಿ ಹೊಸ ದಬ್ಬೆ ಕೂರಿಸಿ ಎಂದು ಹಠ ಹಿಡಿದರು. ಪೈಪಿನ ನೀರಿಗೆ ರುಚಿ ಇಲ್ಲವಂತೆ. ಕೂರಿಸಿದೆವು.

ಈ ಸಲ ಮೂರನೇ ಪಾಲಿನ ಸರದಿ. ಹೊನ್ನೆ ಮರಗಳು ಎತ್ತರ ಬಂದಿವೆ, ಹತ್ತುವವರು ಸಿಗುತ್ತಿಲ್ಲ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡನನ್ನು ಕೇಳಿದರೆ, ಅಡಿಕೆ ಮರ ಹತ್ತುವುದೇ ಬೇರೆ, ಕಾಡುಮರ ಹತ್ತುವುದೇ ಬೇರೆ, ಆ ಕೆಲಸಕ್ಕೆ ಬರಲಾರೆ ಎನ್ನುತ್ತಾನೆ. ದಣಪೆ ದಾಟಿ ಬರುವ ಆಕೆಯ ಮಗ ಬರುತ್ತೇನೆ ಎಂದಿದ್ದಾನೆ. ಕೂಲಿ ಎಷ್ಟು ಎಂದು ಇನ್ನೂ ಮಾತಾಗಿಲ್ಲ.