ಸೂಪರ್‌ಮ್ಯಾನ್ ಚಡ್ಡಿ ವಿಷ್ಯದಲ್ಲಿ ನೆಟ್ಟಗೆ ಜಗಳ ಆಡೋದು ಹೇಗೆ

ಸೂಪರ್‌ಮ್ಯಾನ್ ಹೊಸ ಸಿನಿಮಾ ಬರ್ತಿದೆ ಅಂದ್ರೆ ಸಾಕು, ಕಥೆ ಏನು ವಿಲನ್ ಯಾರು ಅನ್ನೋಕೂ ಮುಂಚೆ ಎಲ್ರೂ ಕೇಳೋದು ಒಂದೇ, ನೀಲಿ ಡ್ರೆಸ್ ಮೇಲೆ ಕೆಂಪು ಚಡ್ಡಿ ಇದ್ಯಾ ಇಲ್ವಾ? ಇದ್ರೆ ಒಂದು ಗುಂಪು ನಗುತ್ತೆ, ಇಲ್ದಿದ್ರೆ ಇನ್ನೊಂದು ಗುಂಪು ಇವ್ನು ಸೂಪರ್‌ಮ್ಯಾನೇ ಅಲ್ಲ ಅಂತ ಎಗರಾಡುತ್ತೆ. ಜಗಳ ಬಿಡಿ ಅಂತ ನಾನು ಹೇಳಲ್ಲ, ಮಜಾ ಇರೋದೇ ಅದ್ರಲ್ಲಿ. ಆದ್ರೆ ಅಷ್ಟೊತ್ತು ಕೂಗಾಡಿದ್ಮೇಲೂ ಇಬ್ರೂ ಶುರು ಮಾಡಿದ್ ಜಾಗದಲ್ಲೇ ನಿಂತಿರ್ತೀರಲ್ಲ, ಅದಕ್ಕೆ ಕಾರಣ ಆ ಚಡ್ಡಿ ಅಲ್ಲಿ ಏನ್ ಕೆಲ್ಸ ಮಾಡ್ತಿತ್ತು ಅಂತ ಇಬ್ರೂ ನೋಡಿಲ್ಲದೇ ಇರೋದು.

ಮೊದ್ಲು ಯಾವ ವರ್ಷದ ಡ್ರೆಸ್ಸನ್ನ "ಒರಿಜಿನಲ್" ಅಂತಿದೀರ ಅಂತ ಬಾಯ್ಬಿಟ್ಟು ಹೇಳಿ. ಇದೊಂದು ಇತ್ಯರ್ಥ ಆದ್ರೆ ಅರ್ಧ ಜಗಳ ಅಲ್ಲೇ ಮುಗಿಯುತ್ತೆ. 1938ರಲ್ಲಿ ಆಕ್ಷನ್ ಕಾಮಿಕ್ಸ್ ಮೊದಲನೇ ಸಂಚಿಕೆಯಲ್ಲಿ ಜೆರ್ರಿ ಸೀಗಲ್ ಮತ್ತೆ ಜೋ ಶುಸ್ಟರ್ ತಂದ ಸೂಪರ್‌ಮ್ಯಾನ್ ಎದೆ ಮೇಲೆ ಇದ್ದಿದ್ದು ಪೊಲೀಸ್ ಬ್ಯಾಡ್ಜ್ ತರ ಒಂದು ಪುಟ್ಟ ಹಳದಿ ಗುರುತು ಅಷ್ಟೇ, ಈಗ ಟೀ ಶರ್ಟ್ ಮೇಲೆಲ್ಲ ನೋಡ್ತೀವಲ್ಲ ಆ ದೊಡ್ಡ ಲೋಗೋ ಅಲ್ಲ. ಅದು ಬೆಳೆದಿದ್ದು ಆಮೇಲೆ, ಒಬ್ಬೊಬ್ಬ ಆರ್ಟಿಸ್ಟ್ ಕೈಯಲ್ಲೂ ಒಂಚೂರು ಒಂಚೂರು ಬದಲಾಗ್ತಾ. ಹಾಗಾಗಿ "ಮೂಲ ರೂಪ ಮುಟ್ಬೇಡಿ" ಅನ್ನೋ ಮುಕ್ಕಾಲು ಪಾಲು ಜನರ ಮನಸ್ಸಲ್ಲಿ ಇರೋದು 1938 ಅಲ್ಲವೇ ಅಲ್ಲ, 1978ರ ಸಿನಿಮಾದ ಕ್ರಿಸ್ಟೋಫರ್ ರೀವ್. ಅದು ತಪ್ಪೇನಲ್ಲ, ನಂಗೂ ಅದೇ ಇಷ್ಟ. ಆದ್ರೆ ಇಷ್ಟ ಅಂತ ಹೇಳಿ, ಮೂಲ ಅಂತ ಹೇಳ್ಬೇಡಿ.

ಈಗ ಚಡ್ಡಿಗೆ ಬರೋಣ. ಅದು ಎಲ್ಲಿಂದ ಬಂತು ಅಂದ್ರೆ ಆ ಕಾಲದ ಸರ್ಕಸ್ ಪೈಲ್ವಾನ್ರು ಮತ್ತೆ ಕುಸ್ತಿಪಟುಗಳಿಂದ, ಅವ್ರು ಬಿಗಿ ಉಡುಪಿನ ಮೇಲೆ ಹಾಗೇ ಹಾಕ್ಕೋತಿದ್ರು, ನೋಡಿದ ತಕ್ಷಣ ಇವ್ನು ಬಲಶಾಲಿ ಅಂತ ಗೊತ್ತಾಗ್ತಿತ್ತು. ಆ ಗುರುತು ಈಗಿನ ಓದುಗರಿಗೆ ಸಿಗಲ್ಲ, ಒಪ್ಕೋತೀನಿ, ಚಡ್ಡಿ ತೆಗೀರಿ ಅನ್ನೋರ ಹತ್ರ ಇರೋ ಒಳ್ಳೆ ಪಾಯಿಂಟ್ ಅದೇ. ಆದ್ರೆ ಚಡ್ಡಿಗೆ ಇನ್ನೊಂದು ಕೆಲ್ಸ ಇದೆ, ಅದು ಇನ್ನೂ ಹಳೇದಾಗಿಲ್ಲ. ಒಂದು ಹಳೇ ಕಾಮಿಕ್ಸ್ ಪ್ಯಾನೆಲ್, ಅಂದ್ರೆ ಪುಟದಲ್ಲಿರೋ ಒಂದು ಚೌಕದ ಚಿತ್ರ, ತಗೊಂಡು ಅವನ ಸೊಂಟದ ಮೇಲೆ ಹೆಬ್ಬೆಟ್ಟಿಟ್ಟು ಮುಚ್ಚಿ ನೋಡಿ. ಮೇಲೆ ನೀಲಿ, ಕೆಳಗೆ ನೀಲಿ, ಎದೆ ಲೋಗೋದಿಂದ ಬೂಟಿನ ತನಕ ಕಣ್ಣು ನಿಲ್ಲೋಕೆ ಏನೂ ಇಲ್ಲ. ಹೆಬ್ಬೆಟ್ಟು ತೆಗೀರಿ, ಕೆಂಪು ಕೇಪ್, ಕೆಂಪು ಚಡ್ಡಿ, ಕೆಂಪು ಬೂಟು, ಮಧ್ಯ ಹಳದಿ ಬೆಲ್ಟು, ಕಣ್ಣು ಮೆಟ್ಟಿಲಿಳಿದ ಹಾಗೆ ಕೆಳಗೆ ಬರುತ್ತೆ. ಅಗ್ಗದ ಕಾಗದದ ಮೇಲೆ ಕೆಲವೇ ಬಣ್ಣದಲ್ಲಿ ಪ್ರಿಂಟ್ ಆಗ್ತಿದ್ದ ಕಾಲದಲ್ಲಿ ಬೆರಳುಗಾತ್ರದ ಚಿತ್ರದಲ್ಲೂ ಇವನನ್ನ ಗುರುತು ಹಿಡಿಬಹುದಿತ್ತು ಅಂದ್ರೆ ಈ ಹಂಚಿಕೆಯದ್ದೂ ಅದ್ರಲ್ಲಿ ಪಾಲಿದೆ.

ಈ ಹೆಬ್ಬೆಟ್ಟಿನ ಪರೀಕ್ಷೆ ಹೊಸ ಡ್ರೆಸ್ಸಿಗೂ ಮಾಡಿ. 2011ರಲ್ಲಿ ಸೂಪರ್‌ಮ್ಯಾನ್ ಕಾಮಿಕ್ಸ್ ತರೋ ಡಿಸಿ ಕಂಪನಿ ಎಲ್ಲ ಕಥೆಗಳನ್ನೂ ಹೊಸದಾಗಿ ಶುರು ಮಾಡ್ದಾಗ ಆರ್ಟಿಸ್ಟ್ ಜಿಮ್ ಲೀ ಡಿಸೈನಲ್ಲಿ ಚಡ್ಡಿ ಹೋಯ್ತು, ಕುತ್ತಿಗೆಗೆ ಕಾಲರ್ ಬಂತು, ಮೈ ತುಂಬ ಕವಚದ ತರ ಗೆರೆಗಳು ಬಂದ್ವು. ಅಲ್ಲಿ ಸೊಂಟದ ಹತ್ರ ನೋಡಿ, ಕೆಂಪು ಬೆಲ್ಟ್. ಅಂದ್ರೆ ಚಡ್ಡಿ ತೆಗೆದವರಿಗೂ ಅಲ್ಲಿ ಕೆಂಪು ಬೇಕಾಯ್ತು, ಬರೀ ನೀಲಿ ಬಿಟ್ರೆ ಖಾಲಿ ಹೊಡಿಯುತ್ತೆ ಅಂತ ಅವ್ರಿಗೂ ಗೊತ್ತು. 2013ರ ಸಿನಿಮಾದಲ್ಲಿ ಹೆನ್ರಿ ಕ್ಯಾವಿಲ್ ಹಾಕಿದ್ದ ಕಡು ನೀಲಿ ಸೂಟಲ್ಲೂ ಚಡ್ಡಿ ಇಲ್ಲ, ಅಲ್ಲಿ ಆ ಜಾಗ ತುಂಬಿಸೋ ಕೆಲ್ಸ ಬಟ್ಟೆಯ ಉಬ್ಬು ತಗ್ಗಿನ ವಿನ್ಯಾಸಕ್ಕೆ ಬಿತ್ತು. ಹಂಗಾಗಿ ನೀವು ಕೇಳ್ಬೇಕಾದ ಪ್ರಶ್ನೆ, ತೆಗೆದ ಜಾಗದಲ್ಲಿ ಏನಿಟ್ರು, ಅದು ಹಳೇದ್ರಷ್ಟು ಸಲೀಸಾಗಿ ಕೆಲ್ಸ ಮಾಡುತ್ತಾ? ನನ್ನ ಪ್ರಕಾರ ಸಿನಿಮಾದಲ್ಲಿ ಪರ್ವಾಗಿಲ್ಲ, ಕಾಗದದ ಮೇಲೆ ಇಲ್ಲ, ಯಾಕಂದ್ರೆ ಸಿನಿಮಾಗೆ ಒಂದ್ಸಲ ಹೊಲಿದ್ರೆ ಆಯ್ತು, ಕಾಮಿಕ್ಸಲ್ಲಿ ಆ ಗೆರೆಗಳನ್ನೆಲ್ಲ ಪ್ರತಿ ಪ್ಯಾನೆಲಲ್ಲೂ ಮತ್ತೆ ಮತ್ತೆ ಬರೀಬೇಕು, ಬರೆಯೋನಿಗೆ ಬೇಜಾರು, ನೋಡೋನಿಗೆ ಗಜಿಬಿಜಿ. ನಂಬಿಕೆ ಇಲ್ದಿದ್ರೆ ಎರಡೂ ಡ್ರೆಸ್ಸನ್ನ ಪೆನ್ಸಿಲಲ್ಲಿ ಸುಮ್ನೆ ಒಂದೊಂದ್ಸಲ ಬರ್ದು ನೋಡಿ. 2018ರಲ್ಲಿ ಆಕ್ಷನ್ ಕಾಮಿಕ್ಸ್ 1000ನೇ ಸಂಚಿಕೆಗೆ ಚಡ್ಡಿ ವಾಪಸ್ ಬಂತು, ಆ ಹೊಸ ರೂಪ ಬರೆದಿದ್ದೂ ಅದೇ ಜಿಮ್ ಲೀ!

ಆಮೇಲೆ, ಒಂದು ಫೋಟೋ ಹಿಡ್ಕೊಂಡು ತೀರ್ಪು ಕೊಡ್ಬೇಡಿ. 2024ರ ಮೇ ತಿಂಗಳಲ್ಲಿ, 2025ರ ಸಿನಿಮಾದಲ್ಲಿ ಸೂಪರ್‌ಮ್ಯಾನ್ ಆದ ನಟ ಡೇವಿಡ್ ಕೊರೆನ್ಸ್‌ವೆಟ್ ಕೂತ್ಕೊಂಡು ಬೂಟ್ ಏರಿಸ್ಕೋತಿರೋ ಫೋಟೋ ಬಿಟ್ಟಾಗ ಬಟ್ಟೆ ಸುಕ್ಕುಸುಕ್ಕಾಗಿದೆ, ದೊಗಳೆ ಆಗಿದೆ ಅಂತ ಎಷ್ಟೊಂದು ಜನ ಉರ್ಕೊಂಡ್ರು. ಕೂತು ಬಗ್ಗಿದ್ರೆ ಯಾವ ಬಟ್ಟೆನಾದ್ರೂ ಸುಕ್ಕಾಗುತ್ತೆ ಸ್ವಾಮಿ. ನಿಂತಾಗ, ಓಡುವಾಗ, ಹಾರುವಾಗ ನೋಡಿ, ಕೇಪ್ ಬೀಳೋ ರೀತಿ ನೋಡಿ, ಆಮೇಲೆ ಮಾತಾಡಿ. ಬಣ್ಣದ ವಿಷ್ಯದಲ್ಲಂತೂ ಇನ್ನೂ ಹುಷಾರಾಗಿರಿ. 1978ರ ಸಿನಿಮಾದಲ್ಲಿ ಹಾರೋ ದೃಶ್ಯಗಳನ್ನ, ಆಮೇಲೆ ಚಿತ್ರದಿಂದ ತೆಗೆದುಹಾಕೋ ನೀಲಿ ಪರದೆ ಮುಂದೆ ತೆಗೀವಾಗ ನೀಲಿ ಡ್ರೆಸ್ ಪರದೆ ಜೊತೆ ಸೇರ್ಕೊಂಡು ಮಾಯ ಆಗ್ಬಾರ್ದು ಅಂತ ಹಸಿರು ಮಿಶ್ರದ ನೀಲಿ ಡ್ರೆಸ್ ಬಳಸಿದ್ರು, ಅಂದ್ರೆ ನೀವು "ಅದೇ ಸರಿಯಾದ ನೀಲಿ" ಅಂತ ಎದೆ ತಟ್ಕೊಂಡು ಹೇಳೋ ಬಣ್ಣ ಬಟ್ಟೆಯಲ್ಲಿ ಹಾಗೆ ಇರ್ಲೇ ಇಲ್ಲ ಅಂತಾನೂ ಆಗ್ಬಹುದು.

ಮುಂದಿಂದು ಕಥೆ. ಬದಲಾವಣೆಗೆ ಕಥೆಯಲ್ಲಿ ಜಾಗ ಇದ್ರೆ ಫ್ಯಾನ್ಸ್ ಹೆಚ್ಚಾಗಿ ಒಪ್ಕೋತಾರೆ. 1984ರಲ್ಲಿ ಸ್ಪೈಡರ್‌ಮ್ಯಾನ್ ಕೆಂಪು ನೀಲಿ ಬಿಟ್ಟು ಕಪ್ಪು ಹಾಕ್ಕೊಂಡ, ಆಮೇಲೆ ಆ ಡ್ರೆಸ್ಸೇ ಒಂದು ಜೀವಿ ಅಂತಾಯ್ತು, ಅದರಿಂದ ವೆನಮ್ ಅನ್ನೋ ವಿಲನ್ ಹುಟ್ಟಿದ, ಈಗ ಅದನ್ನ ಬೈಯೋರು ಸಿಗೋದೇ ಕಷ್ಟ. ಆದ್ರೆ ಕಥೆ ಇದ್ರೆ ಸಾಕಾ ಅಂದ್ರೆ ಅದೂ ಇಲ್ಲ, 1997ರಲ್ಲಿ ಸೂಪರ್‌ಮ್ಯಾನ್‌ಗೆ ವಿದ್ಯುತ್ ಶಕ್ತಿ ಬಂದು ಕೇಪ್ ಇಲ್ಲದ ನೀಲಿ ಬಿಳಿ ಡ್ರೆಸ್ ಬಂತು, ಕಾರಣ ಪಕ್ಕಾ ಇತ್ತು, ಆದ್ರೂ 1998ಕ್ಕೆ ಹಳೇದೇ ವಾಪಸ್. ಬ್ಯಾಟ್‌ಮ್ಯಾನ್ ಎದೆ ಮೇಲಿನ ಹಳದಿ ಅಂಡಾಕಾರದ ಗುರುತು 1964ರಲ್ಲಿ ಬಂದಿದ್ದು, ಅದನ್ನ ಶುರುವಿಂದಲೇ ಇತ್ತು ಅನ್ಕೊಂಡಿರೋರೂ ಇದಾರೆ, ಅವರ ಜೊತೆ ವಾದ ಮಾಡೋಕೆ ಮುಂಚೆ ಮೇಲೆ ಹೇಳಿದ ವರ್ಷದ ಪ್ರಶ್ನೆ ಕೇಳಿ.

ಎದುರಿನವರು "ಪ್ಯಾಂಟ್ ಮೇಲೆ ಚಡ್ಡಿ ಹಾಕ್ಕೊಂಡ್ರೆ ಯಾರ್ ಹೆದರ್ತಾರೆ" ಅಂದಾಗ ರೇಗ್ಬೇಡಿ, ಅದೇ ನಿಮ್ಮ ಕೈಗೆ ಸಿಕ್ಕ ಬಾಲು. 2025ರ ಸಿನಿಮಾಗೆ ಚಡ್ಡಿ ಇರ್ಲಾ ಬೇಡ್ವಾ ಅಂತ ನಿರ್ದೇಶಕ ಜೇಮ್ಸ್ ಗನ್ ತುಂಬಾ ಯೋಚನೆ ಮಾಡಿದ್ರಂತೆ, ಕೊನೆಗೆ ಒಪ್ಪಿಸಿದ್ದು ಕೊರೆನ್ಸ್‌ವೆಟ್. ಅವರ ವಾದ ಏನು ಅಂದ್ರೆ ಇವ್ನು ಬೇರೆ ಗ್ರಹದವನು, ಕಣ್ಣಲ್ಲಿ ಬೆಂಕಿ ಬಿಡ್ತಾನೆ, ಇಂಥವನನ್ನ ನೋಡಿ ಮಕ್ಕಳು ಹೆದರಬಾರ್ದು ಅನ್ನೋದು ಅವನಿಗೇ ಬೇಕು. ಅಂದ್ರೆ ಹೆದರಿಸದೇ ಇರೋದೇ ಆ ಡ್ರೆಸ್ಸಿನ ಕೆಲ್ಸ. ಹೆದರಿಸೋ ಡ್ರೆಸ್ ಬೇಕಿದ್ರೆ ಬ್ಯಾಟ್‌ಮ್ಯಾನ್ ಇದಾನಲ್ಲ. ಇಷ್ಟು ಹೇಳಿದ್ಮೇಲೂ ಅವ್ರು "ಏನೇ ಆಗ್ಲಿ ನಂಗ್ ಹಿಡಿಸಲ್ಲ" ಅಂದ್ರೆ ಬಿಟ್ಬಿಡಿ, ಕಾಲರ್ ವಿಷ್ಯಕ್ಕೆ ಬನ್ನಿ, ಅದು ಹೊಸ ಸೂಟಲ್ಲೂ ಇದೆ, ಅದ್ರ ಬಗ್ಗೆ ನಂಗೂ ತಕರಾರಿದೆ.